ಮುರಕಲ್ಲು ಯಾವ ಗುಂಪಿನದು? ಶಾಸ್ತ್ರಮೇಳಕ್ಕೆ ಸುರಂಗದ ಮಾದರಿ ಹೇಗೆ ಮಾಡುವುದು?

ಪದವುಗುಡ್ಡೆ_10

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ. ಭೂಮಿಯ ಬಗ್ಗೆ ಇರುವ ಪಾಠಗಳೆಂದರೆ ನನಗೆ ಇಷ್ಟ. ಆದರೆ ಪಾಠದಲ್ಲಿ ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮೂರೇ ಗುಂಪು. ಉದಾಹರಣೆಗೆ ಗ್ರಾನೈಟ್, ಮರಳುಗಲ್ಲು, ಅಮೃತಶಿಲೆ. ನಮ್ಮಲ್ಲಿ ಮನೆ, ಕಂಪೌಂಡು, ಬಾವಿಕಟ್ಟೆ, ಬೇಕಲ ಕೋಟೆ ಎಲ್ಲವೂ ಮುರಕಲ್ಲು, ಅಂದರೆ ಕೆಂಪುಕಲ್ಲು, ಜಂಬಿಟ್ಟಿಗೆ ಎನ್ನುವುದು. ಅದು ಈ ಮೂರರಲ್ಲಿ ಎಲ್ಲಿ ಕೂರುತ್ತದೆ ಎಂದು ಎಲ್ಲೂ ಬರೆದಿಲ್ಲ.

ಎರಡನೆಯ ಗೊಂದಲ: ಕೋರೆಯಲ್ಲಿ ಕಡಿಯುವಾಗ ಮೆತ್ತಗಿರುವ ಕಲ್ಲು ಹೊರಗಿಟ್ಟ ಮೇಲೆ ಗಟ್ಟಿಯಾಗುತ್ತದೆ. ಗಾಳಿ, ಬಿಸಿಲು, ಮಳೆಗೆ ಶಿಲೆ ಶಿಥಿಲವಾಗುತ್ತದೆ ಎಂದು ಕಲಿತದ್ದಕ್ಕೆ ಇದು ಪೂರ್ತಿ ಉಲ್ಟಾ ಅಲ್ಲವಾ?

ಮೂರನೆಯದು ಕೆಲಸದ ವಿಷಯ. ಉಪಜಿಲ್ಲಾ ಶಾಸ್ತ್ರಮೇಳದ (ವಿಜ್ಞಾನ ಮೇಳ) ವರ್ಕಿಂಗ್ ಮಾಡೆಲ್‌ಗೆ ಸುರಂಗ, ಅಂದರೆ ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆಯುವ ದಾರಿ, ತೋರಿಸಬೇಕೆಂದಿದ್ದೇವೆ. ಹಳೆಯ ಮೀನಿನ ಗಾಜಿನ ಪೆಟ್ಟಿಗೆ ಉಂಟು: 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಅಡಿಗೆ ಮಣ್ಣು, ಮೇಲೆ ಜಲ್ಲಿ, ನಡುವೆ ಪೈಪು ಇಟ್ಟು ನೀರು ಹೊಯ್ದರೆ ಪೈಪಿಗೆ ಹನಿಯೂ ಬರುವುದಿಲ್ಲ. ಎಲ್ಲ ನೀರು ಗಾಜಿನ ಬದಿಯಲ್ಲೇ ಇಳಿದು ತಳ ಸೇರುತ್ತದೆ. ಎಂತ ತಪ್ಪು?

ಶೇಡಿಗುಳಿ

ಮೊದಲ ಎರಡು ಪ್ರಶ್ನೆಗೆ ಉತ್ತರ ಒಂದೇ ಕಡೆ ಉಂಟು, ಹಾಗಾಗಿ ಸೇರಿಸಿ ಹೇಳುತ್ತೇನೆ.

ಮುರಕಲ್ಲು ಆ ಮೂರರಲ್ಲಿ ಯಾವುದೂ ಅಲ್ಲ. ಅದು ಶಿಥಿಲೀಕರಣದ ಶೇಷ. ನಮ್ಮ ಗುಡ್ಡಗಳ ಅಡಿಯಲ್ಲಿರುವುದು ಗ್ನೈಸ್, ಚಾರ್ನೊಕೈಟ್‌ನಂಥ ಹಳೆಯ ರೂಪಾಂತರ ಶಿಲೆಗಳು, ಅಂದರೆ ಊರಿನಲ್ಲಿ ಕಗ್ಗಲ್ಲು ಎನ್ನುವುದು. ವರ್ಷದ ಅರ್ಧ ಜೋರು ಮಳೆ, ಇನ್ನರ್ಧ ಸುಡು ಬಿಸಿಲು. ಮಳೆನೀರು ಬಿರುಕಿನಲ್ಲಿಳಿದು ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಜೇಡಿಯಾಗಿಸುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನೊಂದಿಗೆ ಹೊರಟುಹೋಗುತ್ತವೆ, ಸಿಲಿಕಾದಲ್ಲೂ ದೊಡ್ಡ ಪಾಲು ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿ, ಬೇಸಿಗೆಯಲ್ಲಿ ಇಳಿದು, ಹೀಗೆ ಲಕ್ಷಗಟ್ಟಲೆ ವರ್ಷ ಆದಾಗ ಕಬ್ಬಿಣ ಅಲ್ಲಲ್ಲಿ ಒಟ್ಟುಗೂಡಿ ಜಾಲದ ಹಾಗೆ ಗಟ್ಟಿಕಟ್ಟುತ್ತದೆ. ಜಾಲದ ಕಣ್ಣಿನೊಳಗಿನ ಮೆತ್ತನೆಯ ಜೇಡಿ ತೊಳೆದುಹೋದರೆ ಉಳಿಯುವುದೇ ಆ ತೂತುತೂತು ಮುರಕಲ್ಲು.

ಕೋರೆಯೊಳಗಿನ ಕಲ್ಲಿನಲ್ಲಿ ಕಬ್ಬಿಣದ ಒಂದು ಭಾಗ ಇನ್ನೂ ನೀರು ಹಿಡಿದುಕೊಂಡ ರೂಪದಲ್ಲಿರುತ್ತದೆ, ಜೇಡಿಯೂ ಒದ್ದೆ. ಅದಕ್ಕೇ ಕೊಡಲಿಗೂ ಯಂತ್ರಕ್ಕೂ ಸಲೀಸು. ಹೊರಗೆ ಬಂದ ಮೇಲೆ ತೇವ ಆರುತ್ತದೆ, ಕಬ್ಬಿಣದ ಆಕ್ಸೈಡುಗಳು ನೀರು ಬಿಟ್ಟು ಹರಳುಗಟ್ಟಿ ಕಣಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಇಲ್ಲಿ ಶಿಥಿಲೀಕರಣ ಉಲ್ಟಾ ಆದದ್ದಲ್ಲ. ಒಡೆಯಬಹುದಾದದ್ದೆಲ್ಲ ಮೊದಲೇ ಒಡೆದುಹೋಗಿ ಅದರ ಕೊನೆಯ ಸರಕು ಗಟ್ಟಿಯಾಗುತ್ತಿದೆ, ಅಷ್ಟೆ. ಈ ಗುಣವನ್ನು ನೋಡಿಯೇ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು, 1807ರಲ್ಲಿ ಅಚ್ಚಾದ ಬರಹದಲ್ಲಿ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಪದದೊಳಗೂ ಇಟ್ಟಿಗೆ ಕೂತಿದೆ, ನೋಡಿ. ಅಂಗಾಡಿಪುರದ ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇದನ್ನು ಕಣ್ಣಾರೆ ನೋಡಲು ಕೈಬಿಟ್ಟ ಕೆಂಪುಕಲ್ಲಿನ ಕೋರೆಗಿಂತ ಒಳ್ಳೆಯ ಪುಸ್ತಕ ಇಲ್ಲ. ಮೇಲಿನಿಂದ ಕೆಳಗೆ ಕ್ರಮ ಹೀಗೆ: ತೆಳು ಮಣ್ಣು, ಅದರಡಿ ಕಪ್ಪುಕೆಂಪು ಗಟ್ಟಿ ಪಾದೆ (ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟಿನಲ್ಲಿ, ಇದೇ ಬರಿ ಬಯಲಾಗಿ ಕಾಣುವುದು), ಆಮೇಲೆ ಕಡಿಯಲು ಯೋಗ್ಯವಾದ ತೂತುಕಲ್ಲು, ಆಮೇಲೆ ಕೆಂಪು, ಹಳದಿ, ಬಿಳಿ ಮಚ್ಚೆಯ ಶೇಡಿ (ಮೆತ್ತನೆಯ ಜೇಡಿಪದರ), ಕೆಳಗೆ ಬಿಳಿಚಿದ ಶೇಡಿ, ಇನ್ನೂ ಕೆಳಗೆ ಮೂಲಶಿಲೆಯ ಪಟ್ಟೆಗಳು ಹಾಗೇ ಕಾಣುವ, ಆದರೆ ಉಗುರಿಗೇ ಪುಡಿಯಾಗುವ ಕೊಳೆತ ಕಲ್ಲು. ಕಗ್ಗಲ್ಲಿನವರೆಗೆ ಕೋರೆ ಇಳಿಯುವುದು ಕಡಿಮೆ. ಶೇಡಿ ಕಂಡಲ್ಲಿ ಕಡಿತ ನಿಲ್ಲುತ್ತದೆ.

ಚಿತ್ರ ಬರೆಯುವ ವಿಧಾನ: ಬಿದಿರಿನ ಗಳಕ್ಕೆ 50 ಸೆಂಟಿಮೀಟರಿಗೊಂದು ಬಣ್ಣದ ಪಟ್ಟಿ ಸುತ್ತಿ ಕೋರೆಯ ತಳದಲ್ಲಿ ಗೋಡೆಗೆ ಆನಿಸಿ, ದೂರದಿಂದ ಓದಿ. ಮೇಲಿನ ಅಂಚಿಗೆ ಹೋಗಿ ಹಗ್ಗ ಇಳಿಸಬೇಡಿ. 1 ಸೆಂಟಿಮೀಟರಿಗೆ 50 ಸೆಂಟಿಮೀಟರ್ ಎಂಬ ಅಳತೆಯಲ್ಲಿ 6 ಮೀಟರ್ ಗೋಡೆ 12 ಸೆಂಟಿಮೀಟರಿಗೆ ಬರುತ್ತದೆ, ನೋಟ್‌ಬುಕ್ಕಿನ ಪುಟಕ್ಕೆ ಸರಿ. ಎಲ್ಲರೂ ಮಾಡುವ ತಪ್ಪೆಂದರೆ ಮೇಲಿನಿಂದ ಇಳಿದ ಕೆಂಪುನೀರಿನ ಕಲೆಯನ್ನೇ ಪದರದ ಬಣ್ಣ ಎಂದು ಬರೆಯುವುದು. ಕತ್ತಿಯ ಹಿಂಬದಿಯಿಂದ 2-3 ಸೆಂಟಿಮೀಟರ್ ಕೆರೆದ ಮೇಲೆ ಬಣ್ಣ ಬರೆಯಿರಿ. ಫೋಟೋದಲ್ಲಿ 10 ರೂಪಾಯಿ ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ, ಅದರ ಅಡ್ಡಳತೆ 27 ಮಿಲಿಮೀಟರ್.

ಮಳೆಗಾಲದಲ್ಲಿ ಬೇಡವೇ ಬೇಡ. ಶೇಡಿ ನೀರು ಕುಡಿದರೆ ಗೋಡೆ ಹೇಳದೆ ಕೇಳದೆ ಕೂರುತ್ತದೆ, ತಳದಲ್ಲಿ ನೀರು ಎಷ್ಟು ಆಳ ಎಂದು ಕಾಣುವುದಿಲ್ಲ. ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡಗಳಲ್ಲಿ ಪದರ ಚೆನ್ನಾಗಿ ಕಾಣುತ್ತದೆ ನಿಜ, ಅಲ್ಲೂ ಎದುರಿನ ಬದಿಯಿಂದ ನೋಡಿದರೆ ಸಾಕು.

ಕಡಲತೀರ ಮಾಷ್ಟ್ರು

ಶೇಡಿಗುಳಿಯವರ ಮಾತಿಗೆ ಒಂದು ತಿದ್ದುಪಡಿ. ಎಲ್ಲ ಮುರಕಲ್ಲೂ ನಿಂತಲ್ಲೇ ಆದದ್ದಲ್ಲ. ಗುಡ್ಡದ ಬುಡದಲ್ಲಿ, ಹೊಳೆಯ ಹತ್ತಿರ, ಮೇಲಿನಿಂದ ಉರುಳಿ ಬಂದ ಚೂರುಗಳು ಮತ್ತೆ ಕಬ್ಬಿಣದಿಂದ ಬೆಸೆದುಕೊಂಡದ್ದೂ ಉಂಟು. ಒಳಗೆ ದುಂಡಗಾದ ಹರಳು, ಬೇರೆಬೇರೆ ಬಣ್ಣದ ಚೂರು ಕಂಡರೆ ಅದು ಸಾಗಿ ಬಂದದ್ದು. ಅದನ್ನು ಜಲಜಶಿಲೆಯ ನೆಂಟ ಎನ್ನಬಹುದು. ಮೂಲಶಿಲೆಯ ಬೆಣಚುಕಲ್ಲಿನ ಎಳೆ ಶೇಡಿಯಿಂದ ಮುರಕಲ್ಲಿನವರೆಗೆ ಕಡಿಯದೆ ಏರಿದ್ದರೆ ಅದು ನಿಂತಲ್ಲೇ ಆದದ್ದು. ಈ ಎಳೆ ಹುಡುಕುವುದೇ ಒಳ್ಳೆಯ ಪ್ರಾಜೆಕ್ಟ್.

ಇನ್ನು ಪರೀಕ್ಷೆಯ ದೃಷ್ಟಿಯಿಂದ. ಶಿಥಿಲೀಕರಣ ಮತ್ತು ಸವೆತ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಜಾಸ್ತಿ. ಶಿಲೆ ಇದ್ದಲ್ಲೇ ಒಡೆದರೆ, ಕೊಳೆತರೆ ಶಿಥಿಲೀಕರಣ. ಆ ಸರಕನ್ನು ನೀರೋ ಗಾಳಿಯೋ ಕಿತ್ತು ಒಯ್ದರೆ ಸವೆತ. ಹೊಳೆಯ ಮುಖದಲ್ಲಿ ಇಳಿಸಿದರೆ ಸಂಚಯನ. ಚಂದ್ರಗಿರಿ ಹೊಳೆ ಮಳೆಗಾಲದಲ್ಲಿ ಕೆಂಪಾಗುವುದು ಎರಡನೆಯದು. ಗುಡ್ಡದಲ್ಲಿ ಶೇಡಿ ಆಗುವುದು ಮೊದಲನೆಯದು.

ಪ್ಲಸ್ ಒನ್‌ನಲ್ಲಿ (ಹನ್ನೊಂದನೇ ತರಗತಿ) ಭೂವಿಜ್ಞಾನ ತೆಗೆದುಕೊಳ್ಳುವ ಯೋಚನೆ ಇದ್ದರೆ ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿ: ಊರಿನ ಪದ, ಪಾಠದ ಕನ್ನಡ, ಇಂಗ್ಲಿಷ್. ಶೇಡಿಗೆ ಇಂಗ್ಲಿಷಿನಲ್ಲಿ ಲಿಥೋಮಾರ್ಜ್; ಬೆಣಚುಕಲ್ಲಿಗೆ ಪಾಠದಲ್ಲಿ ಸ್ಫಟಿಕಶಿಲೆ, ಇಂಗ್ಲಿಷಿನಲ್ಲಿ ಕ್ವಾರ್ಟ್ಜ್, ಹೀಗೆ. ಮಾಧ್ಯಮ ಬದಲಾಗುವಾಗ ಮಕ್ಕಳು ಎಡವುವುದು ವಿಷಯದಲ್ಲಲ್ಲ, ಪದದಲ್ಲಿ. ಗೊತ್ತಿರುವ ವಸ್ತುವಿಗೆ ಹೊಸ ಹೆಸರು ಬಂದಾಗ ಅದು ಹೊಸ ವಸ್ತು ಎಂದು ತಿಳಿದುಬಿಡುತ್ತಾರೆ.

ಒರತೆ

ಮಾದರಿಯ ವಿಷಯಕ್ಕೆ ಬರುತ್ತೇನೆ. ತಂಗಿಯೋ ತಮ್ಮನೋ ಗೊತ್ತಿಲ್ಲ, ನಿಮ್ಮ ಪೆಟ್ಟಿಗೆಯಲ್ಲಿ ಸುರಂಗ ಸರಿ ಉಂಟು, ಗುಡ್ಡ ಸರಿ ಇಲ್ಲ.

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಸುರಂಗಕ್ಕೆ ನೀರು ಬರುವುದು ಹೀಗೆ: ಮಳೆನೀರು ಮುರಕಲ್ಲಿನ ತೂತು, ಬಿರುಕುಗಳಲ್ಲಿ ಸುಲಭಕ್ಕೆ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯಲಾರದು. ಹಾಗಾಗಿ ಎರಡರ ಗಡಿಯಲ್ಲಿ ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದ ಸುರಂಗ ಆ ಹರಿವನ್ನು ಹಿಡಿದು, ತುಸು ಇಳಿಜಾರಿನಿಂದ ತಾನಾಗಿ ಹೊರಗೆ ಕೆರೆಗೆ ತರುತ್ತದೆ. ಪಂಪು ಬೇಡ. ನಿಮ್ಮ ಪೆಟ್ಟಿಗೆಯಲ್ಲಿ ಆ ತಡೆಯುವ ಪದರ ಇಲ್ಲ, ಅಥವಾ ಗಾಜಿಗೆ ಅಂಟಿಲ್ಲ.

ಹೀಗೆ ಮಾಡಿ. ಗಾಜಿಗೆ ತೂತು ಕೊರೆಯುವುದು ಕಷ್ಟ, ಒಡೆಯುತ್ತದೆ. ಪೆಟ್ಟಿಗೆಯ ಒಂದು ಅಡ್ಡ ಗಾಜನ್ನು ತೆಗೆಸಿ ಅಲ್ಲಿ ಅಕ್ರಿಲಿಕ್ ಹಾಳೆಯನ್ನು ಸಿಲಿಕೋನ್ ಅಂಟಿನಿಂದ ಕೂರಿಸಿ, 24 ಗಂಟೆ ಒಣಗಲು ಬಿಡಿ. ತಳದಿಂದ 6 ಸೆಂಟಿಮೀಟರ್ ಎತ್ತರಕ್ಕೆ ಪೈಪಿನ ತೂತಿನ ನಡು ಬರಲಿ.

ಜೇಡಿಯನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. 2 ಸೆಂಟಿಮೀಟರ್ ಹಾಕುವುದು, ಮರದ ತುಂಡಿನಿಂದ ಒತ್ತುವುದು, ಮತ್ತೆ 2 ಸೆಂಟಿಮೀಟರ್. ಬಾಯಿಯ ಬದಿಯಲ್ಲಿ 6, ಹಿಂಬದಿಯಲ್ಲಿ 9 ಸೆಂಟಿಮೀಟರ್ ದಪ್ಪ ಬರಲಿ, ಅಷ್ಟು ಇಳಿಜಾರು ಸಾಕು. ಅಂಚಿನಲ್ಲಿ ಬೆರಳಿನಿಂದ ಜೇಡಿಯನ್ನು ಗಾಜಿನ ಮೇಲೆ ಇನ್ನೊಂದು 3 ಸೆಂಟಿಮೀಟರ್ ಎಳೆದು ಬಟ್ಟಲಿನ ಹಾಗೆ ಮಾಡಿ. ನಿಮ್ಮ ನೀರು ಓಡಿಹೋದದ್ದು ಈ ಅಂಚಿನಲ್ಲೇ. ಜೇಡಿ ಒಣಗಿದರೆ ಗಾಜಿನಿಂದ ಬಿಡಿಸಿಕೊಂಡು ಅದೇ ದಾರಿ ಮತ್ತೆ ತೆರೆಯುತ್ತದೆ, ಆದ್ದರಿಂದ ಮೇಳದ ದಿನದವರೆಗೆ ಒದ್ದೆ ಗೋಣಿ ಹೊದೆಸಿಡಿ.

ಪೈಪು 20 ಮಿಲಿಮೀಟರಿನ ಪಿವಿಸಿ, ಒಳಗೆ 35 ಸೆಂಟಿಮೀಟರ್, ಹೊರಗೆ 5. ಒಳತುದಿಯ ಬಾಯಿ ಮುಚ್ಚಿ. ಮೇಲಿನ ಅರ್ಧದಲ್ಲಿ ಮಾತ್ರ 3 ಮಿಲಿಮೀಟರಿನ ತೂತು, 2 ಸೆಂಟಿಮೀಟರಿಗೊಂದು. ಅಡಿಭಾಗದಲ್ಲೂ ಕೊರೆದರೆ ಒಳಗೆ ಬಂದ ನೀರು ಮತ್ತೆ ಹೊರಗೆ ಸೋರುತ್ತದೆ. ಪೈಪನ್ನು ಜೇಡಿಯಲ್ಲಿ ಅರ್ಧ ಹುಗಿದು, ಮೇಲಿಗೆ ತೆಂಗಿನ ನಾರು ಸುತ್ತಿ. ನಾರಿಲ್ಲದಿದ್ದರೆ ಎರಡೇ ಸಲಕ್ಕೆ ತೂತುಗಳಲ್ಲಿ ಕೆಸರು ಕಟ್ಟುತ್ತದೆ.

ಅದರ ಮೇಲೆ 12 ಸೆಂಟಿಮೀಟರ್ ಮುರಕಲ್ಲಿನ ಚೂರು, ಕಡಲೆಯಿಂದ ಅಡಿಕೆಯ ಗಾತ್ರದವರೆಗೆ. ಜಲ್ಲಿ ಬೇಡ, ಅದು ಕಗ್ಗಲ್ಲು, ಒಳಗೆ ನೀರು ಹಿಡಿಯುವುದಿಲ್ಲ. ಚೂರನ್ನು ಮೊದಲೇ ತೊಳೆದು ಪುಡಿ ತೆಗೆಯಿರಿ. ಮೇಲೆ 2 ಸೆಂಟಿಮೀಟರ್ ಮಣ್ಣು.

ಅಳೆಯುವ ಮುಂಚೆ ಒಂದು ಸಲ ನೀರು ಹೊಯ್ದು ಅರ್ಧ ದಿನ ಬಿಡಿ. ಒಣ ಮುರಕಲ್ಲು ಮೊದಲ ನೀರನ್ನು ತಾನೇ ಕುಡಿಯುತ್ತದೆ, ಆ ಸಲದ ಲೆಕ್ಕ ಸುಳ್ಳಾಗುತ್ತದೆ. ಆಮೇಲೆ 2 ಲೀಟರ್ ನೀರನ್ನು ತೂತು ಮಾಡಿದ ಬಾಟಲಿಯಿಂದ 10 ನಿಮಿಷದಲ್ಲಿ ಸಮನಾಗಿ ಸಿಂಪಡಿಸಿ, ಪೈಪಿನ ಬಾಯಿಗೆ ಅಳತೆಯ ಲೋಟ ಹಿಡಿದು ನಿಮಿಷಕ್ಕೊಮ್ಮೆ ಬರೆಯಿರಿ. ಸಿಂಪಡಿಸುವುದು ನಿಂತ ಮೇಲೂ ಪೈಪು ಹನಿಯುತ್ತಿರುತ್ತದೆ. ತೀರ್ಪುಗಾರರಿಗೆ ತೋರಿಸಬೇಕಾದದ್ದು ಅದೇ ಗೆರೆ. ಮಳೆ ನಿಂತು ತಿಂಗಳಾದರೂ ಸುರಂಗ ಬತ್ತದಿರುವುದಕ್ಕೆ ಅದೇ ಕಾರಣ.

ಪದವುಗುಡ್ಡೆ_10

ತುಂಬಾ ಉಪಕಾರ. ತಂಗಿಯೇ ಅಣ್ಣ. ಎರಡು ಸಣ್ಣ ಸಂಶಯ. ಕಲ್ಲು ಎಷ್ಟು ನೀರು ಕುಡಿಯುತ್ತದೆ ಎಂದು ಅಂಕಿ ತೋರಿಸಬಹುದಾ? ಕಬ್ಬಿಣ ನೀರು ಬಿಡುತ್ತದೆ ಎಂದದ್ದನ್ನು ಶಾಲೆಯಲ್ಲಿ ಮಾಡಿ ನೋಡಲಿಕ್ಕೆ ಆಗುತ್ತದಾ?

ಶೇಡಿಗುಳಿ

ಎರಡೂ ಆಗುತ್ತದೆ. ಮುಷ್ಟಿ ಗಾತ್ರದ ತುಂಡನ್ನು ನಾಲ್ಕೈದು ದಿನ ಬಿಸಿಲಿಗಿಟ್ಟು, ದಿನವೂ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಒಣತೂಕ ಬರೆಯಿರಿ. 24 ಗಂಟೆ ನೀರಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ತೂಗಿ. ಒಣಬಟ್ಟೆಯಾದರೆ ತೂತಿನೊಳಗಿನ ನೀರನ್ನೂ ಎಳೆಯುತ್ತದೆ. ಹೆಚ್ಚಿದ ತೂಕವನ್ನು ಒಣತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಗೋಡೆಗೆ ಬಳಸುವ ಮುರಕಲ್ಲಿಗೆ ಭಾರತೀಯ ಮಾನಕ 3620 ಹೇಳುವ ಮಿತಿ ಶೇ. 12. ಕೋರೆಯ ಮೇಲಿನ ಪದರದ್ದೊಂದು, ಶೇಡಿಯ ಹತ್ತಿರದ್ದೊಂದು ತುಂಡು ಹೋಲಿಸಿ. ಕೆಳಗಿನದು ನೀರಲ್ಲಿ ಕರಗಿ ಪಾತ್ರೆ ಕೆಂಪಾದರೆ ಅಂಕಿ ಬಿಡಿ, ಅದನ್ನೇ ಬರೆಯಿರಿ.

ಎರಡನೆಯದಕ್ಕೆ ಹಳದಿ ಮಚ್ಚೆಯ ಭಾಗವನ್ನು ಕೆರೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿ. ಎರಡು ಚಮಚ ಪುಡಿಯನ್ನು ಹಳೆಯ ಕಬ್ಬಿಣದ ಕಾವಲಿಯಲ್ಲಿ ಜೋರು ಉರಿಯಲ್ಲಿ 15 ನಿಮಿಷ ಹುರಿಯಿರಿ, ದೊಡ್ಡವರು ಹತ್ತಿರ ಇರಲಿ. ಹಳದಿ ಹೋಗಿ ಇಟ್ಟಿಗೆ ಬಣ್ಣ ಬರುತ್ತದೆ: ನೀರು ಹಿಡಿದ ಕಬ್ಬಿಣದ ಖನಿಜ ಗೋಥೈಟ್ ನೀರು ಬಿಟ್ಟು ಕೆಂಪು ಖನಿಜ ಹೆಮಟೈಟ್ ಆಯಿತು. ಶುದ್ಧ ಗೋಥೈಟ್ ಆಗಿದ್ದರೆ ಸುಮಾರು ಶೇ. 10 ತೂಕ ಇಳಿಯಬೇಕು. ನಿಮ್ಮ ಪುಡಿಯಲ್ಲಿ ಜೇಡಿಯೇ ಜಾಸ್ತಿ, ಅಷ್ಟು ಇಳಿಯದು. ಇಲ್ಲಿ ಸಾಕ್ಷಿ ಬಣ್ಣ, ತೂಕ ಅಲ್ಲ. ಕೋರೆಯ ಕಲ್ಲು ಹೊರಗೆ ಗಟ್ಟಿಯಾಗುವುದು ಇಷ್ಟು ಬಿಸಿಯಲ್ಲಿ ಅಲ್ಲ, ನಿಧಾನಕ್ಕೆ ಎಂದು ಚಾರ್ಟಿನಲ್ಲಿ ಒಂದು ಸಾಲು ಹಾಕಿ. ಇಲ್ಲದಿದ್ದರೆ ತೀರ್ಪುಗಾರರು ಅಲ್ಲೇ ಹಿಡಿಯುತ್ತಾರೆ.

ಒರತೆ

ಆ ಕಾವಲಿಯನ್ನು ಮತ್ತೆ ಅಡುಗೆಗೆ ಕೊಡಬೇಡಿ, ಅಮ್ಮ ಬೈದರೆ ನಮ್ಮ ಹೆಸರು ಹೇಳಬೇಡಿ. ಇನ್ನೊಂದು: ತುಂಬಿದ ಪೆಟ್ಟಿಗೆ 50 ಕೆಜಿಗಿಂತ ಹೆಚ್ಚು ತೂಗುತ್ತದೆ. ಒದ್ದೆ ಜೇಡಿ, ಕಲ್ಲಿನ ಚೂರು ಬೇರೆಬೇರೆ ಬಕೆಟಿನಲ್ಲಿ ಒಯ್ದು, ಮೇಳದ ಮೇಜಿನ ಮೇಲೆಯೇ ತುಂಬಿಸಿ. ಜೋಡಿಸಲು ಒಂದೂವರೆ ಗಂಟೆ ಬೇಕು, ಅದಕ್ಕೆ ಸರಿಯಾಗಿ ಹೊರಡಿ.