ವರ್ಷಗಟ್ಟಲೆ ತಗೊಂಡ ಅಲ್ಪ್ರಜೋಲಾಮ್ ಬಿಡಬೇಕು. ದಾವಣಗೆರೆ ಕಡೆ ಯಾರಾದರೂ ಬಿಟ್ಟಿದ್ದೀರಾ?

ಬ್ಲೌಸ್ ಟೈಲರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ವಿನೋಬನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಫಾಲ್, ಕುಚ್ಚು ಎಲ್ಲ ನಾನೇ ಹಾಕುವುದು. ವಯಸ್ಸು ಐವತ್ತರ ಹತ್ತಿರ.

2021ರಲ್ಲಿ ನಮ್ಮ ಯಜಮಾನರು ಕೋವಿಡ್‌ನಲ್ಲಿ ಹೋದರು. ಆಮೇಲೆ ರಾತ್ರಿಯಾದರೆ ಸಾಕು, ಎದೆ ಡವಡವ, ಉಸಿರೇ ಸಿಗುತ್ತಿರಲಿಲ್ಲ. ಇಸಿಜಿ ಮಾಡಿಸಿದರೆ ಏನೂ ಇಲ್ಲ. ಒಬ್ಬ ಡಾಕ್ಟರ್ ಅಲ್ಪ್ರಜೋಲಾಮ್ ಅಂತ ಗಾಬರಿ ಇಳಿಸುವ ಗುಳಿಗೆ, ಪಾಯಿಂಟ್ ಫೈವ್ ಮಿಲಿಗ್ರಾಂದು, ಬರೆದುಕೊಟ್ಟರು, ಮಲಗುವ ಮುಂಚೆ ಒಂದು. ಸ್ವಲ್ಪ ದಿನ ತಗೊಳ್ಳಿ ಅಂದಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮೊನ್ನೆ ಮೆಡಿಕಲ್‌ನವರು ಹೊಸ ಚೀಟಿ ಇಲ್ಲದೆ ಕೊಡಲ್ಲ ಅಂದುಬಿಟ್ಟರು. ಆ ರಾತ್ರಿ ಗುಳಿಗೆ ಇಲ್ಲ. ನಿದ್ದೆ ಹಾಳಾಗಿ ಹೋಗಲಿ, ಮಾರನೇ ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬೆರಳು ಅಷ್ಟು ನಡುಗುತ್ತಿತ್ತು. ದಿನಾ ಕೇಳುವ ಮಿಷನ್ ಸದ್ದೇ ತಲೆಗೆ ಹೊಡೆದ ಹಾಗೆ. ಮೈಯೆಲ್ಲ ಬೆವರು. ಸಂಜೆ ಮಗ ಎಲ್ಲಿಂದಲೋ ಗುಳಿಗೆ ತಂದುಕೊಟ್ಟ. ನುಂಗಿ ಒಂದು ಗಂಟೆ ಆಗುವುದರೊಳಗೆ ಎಲ್ಲ ಸರಿ. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆಗ.

ಇತ್ತೀಚೆಗೆ ಮರೆವೂ ಜಾಸ್ತಿಯಾಗಿದೆ. ಗಿರಾಕಿ ಹೇಳಿದ ಕತ್ತಿನ ಡಿಸೈನ್ ಅವರು ಹೊಸ್ತಿಲು ದಾಟುವಷ್ಟರಲ್ಲಿ ಮರೆತಿರುತ್ತದೆ.

ನಮ್ಮಕ್ಕ ಹೇಳುತ್ತಾಳೆ, ಎಲ್ಲ ಮನಸ್ಸಿನದು, ದುಗ್ಗಮ್ಮನಿಗೆ ಹರಕೆ ಹೊತ್ತು ಒಂದೇ ಸಲ ಬಿಟ್ಟುಬಿಡು ಅಂತ. ಮಗ ಮೊಬೈಲ್ ನೋಡಿ, ಬಿಟ್ಟರೆ ಫಿಟ್ಸ್ ಬರುತ್ತಂತೆ, ಅದರ ತಂಟೆಗೇ ಹೋಗಬೇಡ ಅನ್ನುತ್ತಾನೆ. ಬಿಟ್ಟವರು ಹೇಗೆ ಬಿಟ್ಟಿರಿ? ಬ್ಲೇಡಿನಲ್ಲಿ ಕತ್ತರಿಸಿ ಕಡಿಮೆ ಮಾಡುತ್ತಾ ಹೋದರೆ ಸಾಕಾ? ಮನೋವೈದ್ಯರ ಹತ್ತಿರ ಹೋದರೆ ಇನ್ನೂ ನಾಲ್ಕು ಗುಳಿಗೆ ಬರೆಯುತ್ತಾರೆ ಅಂತಾರಲ್ಲ, ಹೌದಾ?

ನಿವೃತ್ತ ಕಂಡಕ್ಟರ್, ನಿಟುವಳ್ಳಿ

ತಂಗೀ, ಮೊದಲು ಇದನ್ನು ಕೇಳಿ. ಡಾಕ್ಟರನ್ನು ನೋಡುವ ತನಕ ಈಗ ತಗೊಳ್ಳುತ್ತಿರುವಷ್ಟನ್ನೇ ತಗೊಳ್ಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ನಿಮ್ಮ ಮಗ ಓದಿದ್ದು ಸುಳ್ಳಲ್ಲ, ವರ್ಷಗಟ್ಟಲೆ ತಗೊಂಡದ್ದನ್ನು ಪಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಆದರೆ ತಂಟೆಗೇ ಹೋಗಬೇಡ ಅನ್ನುವುದು ತಪ್ಪು. ನಾನು ಬಿಟ್ಟಿದ್ದೇನೆ.

ನನಗೆ ಶುರುವಾಗಿದ್ದು ಬೆಂಗಳೂರು ನೈಟ್ ಡ್ಯೂಟಿಯಿಂದ. ಹಿರಿಯೂರು ದಾಟಿದ ಮೇಲೆ ನಮ್ಮ ಗಾಡಿ ಒಂದು ಲಾರಿಗೆ ಬಡಿಯಿತು. ಪ್ರಯಾಣಿಕರಿಗೆ ಏನೂ ಆಗಲಿಲ್ಲ, ನನಗೆ ನಿದ್ದೆ ಹೋಯಿತು. ಆ ಕಥೆ ಬೇಡ ಬಿಡಿ. ಗುಳಿಗೆ ಮಾತ್ರ ನಿಮ್ಮದೇ, ಡೋಸೂ ನಿಮ್ಮದೇ.

ಡಾಕ್ಟರ್ ನನಗೆ ತಿಳಿಸಿ ಹೇಳಿದ್ದು ಹೀಗೆ. ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ, ಅದು ಬ್ರೇಕ್ ಇದ್ದ ಹಾಗೆ. ಈ ಗುಳಿಗೆ ಆ ಬ್ರೇಕನ್ನು ದಿನಾ ಒತ್ತಿಕೊಡುತ್ತದೆ. ಒತ್ತಿಕೊಡುವವರು ಇದ್ದಾರಲ್ಲ ಅಂತ ಮೆದುಳು ತಾನು ಒತ್ತುವುದನ್ನು ಕಡಿಮೆ ಮಾಡುತ್ತದೆ. ಗುಳಿಗೆ ತಪ್ಪಿದ ದಿನ ಹಿಡಿಯುವವರು ಯಾರೂ ಇಲ್ಲ. ನಿಮ್ಮ ಬೆರಳು ನಡುಗಿದ್ದು, ಸದ್ದು ಬಡಿದದ್ದು ಅದಕ್ಕೇ. ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತಿಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮಕ್ಕನವರಿಗೂ ಇದನ್ನು ಓದಿ ಹೇಳಿ. ಹರಕೆ ಹೊತ್ತುಕೊಳ್ಳಿ, ಬೇಡ ಅನ್ನಲ್ಲ. ಒಂದೇ ಸಲ ಬಿಡುವ ಹರಕೆ ಮಾತ್ರ ಬೇಡ.

ಬ್ಲೇಡಿನ ವಿಷಯ. ಪಾಯಿಂಟ್ ಫೈವ್ ಗುಳಿಗೆಯನ್ನು ಅರ್ಧ ಮಾಡಿದರೆ ಒಂದೇ ಏಟಿಗೆ ಐವತ್ತು ಪರ್ಸೆಂಟ್ ಕಡಿಮೆ ಆಯಿತು. ಅದು ವಿಪರೀತ. ಕಾಲು ಮಾಡಲು ಹೋದರೆ ಅರ್ಧ ಪುಡಿಯಾಗುತ್ತದೆ. ಜೊತೆಗೆ ಅಲ್ಪ್ರಜೋಲಾಮ್ ಮೈಯಿಂದ ಬೇಗ ಇಳಿದುಹೋಗುವ ಔಷಧಿ. ಸರಾಸರಿ ಹನ್ನೊಂದು ಗಂಟೆಯಲ್ಲಿ ಅರ್ಧ ಖಾಲಿ. ಹಾಗಾಗಿ ನನ್ನ ಡಾಕ್ಟರ್ ಅದೇ ಜಾತಿಯ, ಆದರೆ ನಿಧಾನಕ್ಕೆ ಇಳಿಯುವ ಡಯಾಜೆಪಾಮ್‌ಗೆ ಬದಲಾಯಿಸಿದರು. ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ ಅಂದರೆ ಹತ್ತಿರ ಹತ್ತಿರ ಡಯಾಜೆಪಾಮ್ 10 ಮಿಲಿಗ್ರಾಂ. ಬದಲಾಯಿಸಿದ್ದು ಕೂಡ ಒಂದೇ ರಾತ್ರಿಯಲ್ಲಲ್ಲ, ಸ್ವಲ್ಪ ಸ್ವಲ್ಪವಾಗಿ. ಡಯಾಜೆಪಾಮ್‌ನಲ್ಲಿ 2 ಮಿಲಿಗ್ರಾಂ ಗುಳಿಗೆ ಸಿಗುತ್ತದೆ. ಅದನ್ನು ಅರ್ಧ ಮಾಡಿದರೆ 1. ಹತ್ತರಿಂದ ಒಂಬತ್ತು, ಒಂಬತ್ತರಿಂದ ಎಂಟು, ಹೀಗೆ ಇಳಿಸಿದರು. ಈ ಲೆಕ್ಕ ನೋಡಿಕೊಂಡು ನೀವೇ ಶುರು ಮಾಡಬೇಡಿ, ದಮ್ಮಯ್ಯ. ನಿಮ್ಮ ಲಿವರ್ ಹೇಗಿದೆ, ಬೇರೆ ಏನು ತಗೊಳ್ಳುತ್ತೀರಿ ಅಂತ ನೋಡಿ ಅವರು ತೀರ್ಮಾನ ಮಾಡಬೇಕು.

ಒಂದು ಸಲ ಇಳಿಸಿದ ಮೇಲೆ ಕೆಲವು ದಿನ ಕೆಟ್ಟದಾಗಿರುತ್ತಿತ್ತು. ಅಂಗಾಲು ಜುಮುಜುಮು. ಬೀದಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂದರೆ ವಾಂತಿ ಬಂದ ಹಾಗೆ. ದಾವಣಗೆರೆಯಲ್ಲಿ ಇದ್ದುಕೊಂಡು ಆ ವಾಸನೆ ತಪ್ಪಿಸಿಕೊಳ್ಳುವುದು ಎಲ್ಲಿ ಹೇಳಿ! ಆಮೇಲೆ ತಾನಾಗಿ ತಿಳಿಯಾಗುತ್ತಿತ್ತು. ತಿಳಿಯಾಗದಿದ್ದರೆ ಡಾಕ್ಟರ್ ಮುಂದಿನ ಇಳಿಕೆ ನಿಲ್ಲಿಸಿ, ಅದೇ ಡೋಸ್‌ನಲ್ಲಿ ಇರಿ ಅನ್ನುತ್ತಿದ್ದರು. ಈ ನಿಲ್ಲುವುದನ್ನು ಸೋಲು ಅಂದುಕೊಳ್ಳಬಾರದು. ಇಂಥ ತಾರೀಖಿಗೆ ಮುಗಿಸುತ್ತೇನೆ ಅಂತ ಹಟ ಹಿಡಿದವರೇ ವಾಪಸ್ ಹಳೇ ಡೋಸಿಗೆ ಬರುವುದು ಅನ್ನುವುದು ನನ್ನ ಅಭಿಪ್ರಾಯ.

ಕೊನೆಕೊನೆಗೆ ಇನ್ನೂ ನಿಧಾನ. ಹತ್ತರಲ್ಲಿ ಒಂದು ತೆಗೆದರೆ ಹತ್ತು ಪರ್ಸೆಂಟ್, ಐದರಲ್ಲಿ ಒಂದು ತೆಗೆದರೆ ಇಪ್ಪತ್ತು. ಅದಕ್ಕೇ ಅರ್ಧಕ್ಕೆ ಬಂದ ಮೇಲೆ ತುಂಡು ಇನ್ನೂ ಚಿಕ್ಕದು ಮಾಡಿದರು.

ವೇ ಬಿಲ್ ಬರೆದ ಕೈ ಅಲ್ವಾ, ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ತಗೊಂಡೆ, ಯಾವಾಗ ಮಲಗಿದೆ, ಏನಾಯಿತು, ಇಷ್ಟೇ. ಅದನ್ನು ನೋಡಿ ಡಾಕ್ಟರ್ ಒಂದು ವ್ಯತ್ಯಾಸ ತೋರಿಸಿದರು. ಇಳಿಸಿದ ಬೆನ್ನಲ್ಲೇ ಬಂದು ನಿಧಾನಕ್ಕೆ ಕರಗುವುದು, ಮುಂಚೆ ಯಾವತ್ತೂ ಇಲ್ಲದ ಜುಮುಜುಮು, ಸದ್ದು ತಾಳಲಾರದಿರುವುದು, ಇವು ಬಹುಮಟ್ಟಿಗೆ ಗುಳಿಗೆ ಬಿಡುವುದರಿಂದ. ಹಳೇ ಹೆದರಿಕೆಯೇ ಹಳೇ ರೂಪದಲ್ಲಿ ಬಂದು ಹೋಗದೆ ಕೂತರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ನನಗೆ ಸೈಕಾಲಜಿಸ್ಟ್ ಹತ್ತಿರ ಕಳಿಸಿದ್ದರು. ಎದೆ ಹೊಡೆದುಕೊಳ್ಳುವಾಗ ಓಡಿಹೋಗದೆ ಕೂತುಕೊಳ್ಳುವುದನ್ನು ಅಲ್ಲಿ ಕಲಿಸಿದರು. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಕೂತು ನಿದ್ದೆ ಬಂದಾಗ ಹೋಗಿ ಅಂದರು. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ. ಎದ್ದು ಕುಂದವಾಡ ಕೆರೆ ಏರಿ ಮೇಲೆ ನಡೆಯುವುದು. ಮಧ್ಯಾಹ್ನದ ಮೇಲೆ ಟೀ ಬಂದ್. ಗುಳಿಗೆ ಡಬ್ಬಿ ನನ್ನ ಹೆಂಡತಿ ಹತ್ತಿರ, ಆ ರಾತ್ರಿಯದ್ದು ಮಾತ್ರ ಕೈಗೆ ಕೊಡುತ್ತಿದ್ದಳು. ನಿಮ್ಮ ಮಗನಿಗೆ ಆ ಕೆಲಸ ಕೊಡಿ, ಅವನ ಹೆದರಿಕೆಯೂ ಇಳಿಯುತ್ತದೆ.

ನಾಲ್ಕು ಗುಳಿಗೆ ಬರೆಯುತ್ತಾರಾ ಅಂದಿರಿ. ಒಂದು ಬರೆಯಬಹುದು. ಹೆದರಿಕೆಯ ಕಾಯಿಲೆಗೇ ಎಸ್ಸಿಟಾಲೊಪ್ರಾಮ್ ತರಹದ್ದು. ಅದರ ಚಟ ಹಿಡಿಯಲ್ಲ, ಆದರೆ ಅದನ್ನೂ ಒಂದೇ ಸಲ ನಿಲ್ಲಿಸಬಾರದು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲೂ ಇದ್ದಾರೆ. ನಿಮ್ಮ ಮಾತಿಗೆ ಕಿವಿಗೊಡುವವರನ್ನು ಹಿಡಿಯಿರಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರು.

ಮೆಡಿಕಲ್ ಶಾಪ್, ಚಿತ್ರದುರ್ಗ

ಅಕ್ಕಾರೆ, ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟು ಬೇಡ. ಅಲ್ಪ್ರಜೋಲಾಮ್ ಶೆಡ್ಯೂಲ್ ಎಚ್1 ಅನ್ನುವ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿದೆ. 2014ರ ಮಾರ್ಚ್‌ನಿಂದ ಈ ನಿಯಮ. ಡಾಕ್ಟರ್ ಹೆಸರು, ನಿಮ್ಮ ಹೆಸರು, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರ್ ಬರೆದು 3 ವರ್ಷ ಇಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಇರುತ್ತದೆ ನೋಡಿ. ಚೀಟಿ ಇಲ್ಲದೆ ಸುಮ್ನೆ ಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ. ಡೋಸ್ ಇಳಿಸಲು ಶುರು ಮಾಡಿದ ಮೇಲಂತೂ ಮಧ್ಯದಲ್ಲಿ ಸ್ಟಾಕ್ ಖಾಲಿ ಆಗಬಾರದು. ಮುಂದಿನ ಭೇಟಿಯ ತನಕ ಸಾಕಾಗುವಷ್ಟು ಬರೆಸಿಕೊಂಡು ಬನ್ನಿ.

ಕತ್ತರಿಸುವ ಮುಂಚೆ ಸ್ಟ್ರಿಪ್ ಓದಿ. ಎಸ್‌ಆರ್ ಅಥವಾ ಇಆರ್ ಅಂತಿದ್ದರೆ ಅದು ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. ಕತ್ತರಿಸಲೇಬಾರದು. ಮಧ್ಯೆ ಗೆರೆ ಇರುವ ಮಾಮೂಲಿ ಮಾತ್ರೆಯಾದರೆ ಬ್ಲೇಡ್ ಬಿಟ್ಟು ಪಿಲ್ ಕಟರ್ ತಗೊಳ್ಳಿ. ಇನ್ನೊಂದು, ನಮ್ಮಲ್ಲಿ ಜೋಡಿ ಮಾತ್ರೆಗಳು ಜಾಸ್ತಿ. ಕ್ಲೋನಾಜೆಪಾಮ್ (ಇದೂ ಅಲ್ಪ್ರಜೋಲಾಮ್ ಜಾತಿಯದ್ದೇ) ಜೊತೆ ಎಸ್ಸಿಟಾಲೊಪ್ರಾಮ್, ಅಲ್ಪ್ರಜೋಲಾಮ್ ಜೊತೆ ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್. ಅದನ್ನು ಅರ್ಧ ಮಾಡಿದರೆ ಎರಡೂ ಔಷಧಿ ಅರ್ಧ ಆಗುತ್ತವೆ. ಡಾಕ್ಟರಿಗೆ ಹೇಳಿ ಮೊದಲು ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಬೇಕು.

ನಾನು ಕೌಂಟರಿನಲ್ಲಿ ಪದೇ ಪದೇ ನೋಡುವುದು ಹುಳುಕಡ್ಡಿ ಕೇಸ್. ಬೇಸಿಗೆ ಬಂತು ಅಂದರೆ ಇಟ್ರಾಕೊನಜೋಲ್ ಕೇಳುವವರು ಸಾಲುಗಟ್ಟುತ್ತಾರೆ. ಅಲ್ಪ್ರಜೋಲಾಮ್ ತಗೊಳ್ಳುವವರು ಅದನ್ನು ತಗೊಳ್ಳಬಾರದು, ಅಲ್ಪ್ರಜೋಲಾಮ್ ಮೈಯಲ್ಲಿ ವಿಪರೀತ ಏರುತ್ತದೆ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ಮದ್ಯ, ಇವುಗಳ ಜೊತೆಗಂತೂ ಉಸಿರೇ ನಿಲ್ಲುವ ಅಪಾಯ. ಚರ್ಮದ ಡಾಕ್ಟರ್ ಆಗಲಿ, ಹಲ್ಲಿನ ಡಾಕ್ಟರ್ ಆಗಲಿ, ಈ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ.

ಅಣ್ಣಾರು ಹೇಳಿದ ಲೆಕ್ಕ ಸರಿ ಇದೆ. 2025ರಲ್ಲಿ ಅಮೆರಿಕದ ವೈದ್ಯರ ಸಂಘಗಳು ಸೇರಿ ಹೊರಡಿಸಿದ ಮಾರ್ಗಸೂಚಿಯಲ್ಲೂ 2ರಿಂದ 4 ವಾರಕ್ಕೊಮ್ಮೆ 5ರಿಂದ 10 ಪರ್ಸೆಂಟ್ ಇಳಿಸುವುದರಿಂದ ಶುರು ಮಾಡಿ ಅಂತಿದೆ. ಎರಡು ವಾರಕ್ಕೆ 25 ಪರ್ಸೆಂಟ್ ದಾಟಬಾರದು ಅಂತಲೂ ಇದೆ.

ಚಳ್ಳಕೆರೆ ಮಗಳು

ಕಂಡಕ್ಟರ್ ಅಣ್ಣ ಹೇಳಿದ ಡಯಾಜೆಪಾಮ್ ದಾರಿ ಎಲ್ಲರಿಗೂ ಅಲ್ಲ ಅಂತ ಹೇಳಲು ಬಂದೆ. ನಮ್ಮಮ್ಮನಿಗೆ ಎಪ್ಪತ್ತು ದಾಟಿದೆ. ನಿದ್ದೆ ಮಾತ್ರೆ ಅಂತ ಕ್ಲೋನಾಜೆಪಾಮ್ ತಗೊಂಡು ತಗೊಂಡು, ಒಂದು ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟದ ಮೂಳೆ ಮುರಿಯಿತು. ಡಯಾಜೆಪಾಮ್ ವಯಸ್ಸಾದವರ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ, ಮತ್ತೆ ಬೀಳುತ್ತಾರೆ ಅಂತ ಡಾಕ್ಟರ್ ಬದಲಾಯಿಸಲಿಲ್ಲ. ಕ್ಲೋನಾಜೆಪಾಮ್ ತಾನೇ ನಿಧಾನದ ಮಾತ್ರೆ, ಅದನ್ನೇ ಇಳಿಸಿದರು.

ಅಮ್ಮ ಪೂರ್ತಿ ಬಿಟ್ಟಿಲ್ಲ. ಅರ್ಧಕ್ಕೆ ಬಂದು ನಿಂತಿದ್ದಾರೆ. ಅಷ್ಟಕ್ಕೇ ಬೆಳಿಗ್ಗೆಯ ತೂಕಡಿಕೆ ಹೋಗಿದೆ, ಮೊಮ್ಮಕ್ಕಳ ಹೆಸರು ತಪ್ಪುವುದಿಲ್ಲ, ಪೇಪರ್ ಓದುತ್ತಾರೆ. ಸೊನ್ನೆಗೆ ಬಂದರೆ ಮಾತ್ರ ಗೆದ್ದ ಹಾಗೆ ಅಂತ ಇಲ್ಲಿ ಕೆಲವರು ಬರೆಯುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಊರಿಂದ ದೂರ ಇರುವವರಿಗೆ ಒಂದು ಮಾತು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ, ವಿಚಾರಿಸಿಕೊಂಡು ಹೋಗಿ. ನಡುರಾತ್ರಿ ಗಾಬರಿಯಾದರೆ 14416, ಟೆಲಿ ಮಾನಸ್. ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಮಾತು ತಡಬಡಿಸಿದರೆ, ಸಾಯಬೇಕು ಅನಿಸಿದರೆ ಫೋನಿನಲ್ಲಿ ಮಾತಾಡುತ್ತಾ ಕೂರಬೇಡಿ. 108 ಕರೆದು ನೇರ ಆಸ್ಪತ್ರೆಗೆ.

ಬ್ಲೌಸ್ ಟೈಲರ್, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ. ಬ್ರೇಕಿನ ಮಾತು ಕೇಳಿ ಸುಮ್ಮನಾದಳು, ಹರಕೆಯ ವಿಷಯ ಮಾತ್ರ ಬಿಟ್ಟಿಲ್ಲ! ನನ್ನದು ಎಸ್‌ಆರ್ ಅಲ್ಲ, ಜೋಡಿ ಮಾತ್ರೆಯೂ ಅಲ್ಲ, ಈಗ ನೋಡಿದೆ. ಸೋಮವಾರ ಮಗನ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇನೆ.

ಒಂದೇ ಒಂದು ಚಿಂತೆ. ದೀಪಾವಳಿ ಆರ್ಡರ್ ಈಗಾಗಲೇ ಬಂದು ಬಿದ್ದಿದೆ. ಲೈನಿಂಗ್ ಬ್ಲೌಸೇ ರಾಶಿ ಇದೆ. ಈಗ ಶುರು ಮಾಡಿ ಕೈ ನಡುಗಿದರೆ ಗಿರಾಕಿಗಳ ರೇಷ್ಮೆ ಬಟ್ಟೆಗೆ ಕತ್ತರಿ ಹಾಕುವುದು ಹೇಗೆ? ಇಂಥದ್ದನ್ನೆಲ್ಲ ಡಾಕ್ಟರ್ ಹತ್ತಿರ ಹೇಳಬಹುದಾ?

ನಿವೃತ್ತ ಕಂಡಕ್ಟರ್, ನಿಟುವಳ್ಳಿ

ಅದನ್ನೇ ಮೊದಲು ಹೇಳಿ ತಂಗಿ. ನಾನೂ ಡ್ಯೂಟಿ ಚಾರ್ಟ್ ತೋರಿಸಿದ್ದೆ, ನೈಟ್ ಡ್ಯೂಟಿ ಬಿದ್ದ ವಾರ ಅವರು ಇಳಿಸುತ್ತಿರಲಿಲ್ಲ. ಹಬ್ಬದ ಕೆಲಸ ಮುಗಿಸಿಕೊಂಡು ಶುರು ಮಾಡೋಣವಾ ಅಂತ ಕೇಳಿ. ಅಲ್ಲಿಯ ತನಕ ಈಗಿನ ಡೋಸಿಗೆ ಹೊಸ ಚೀಟಿ ಬರೆಸಿಕೊಳ್ಳಿ. ಹೋಗುವಾಗ ಹಳೇ ಚೀಟಿ, ಸ್ಟ್ರಿಪ್, ಬಿಪಿ ಶುಗರ್ ಗುಳಿಗೆ ಇದ್ದರೆ ಅವೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಒಪಿಡಿ ಚೀಟಿಯ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.