ಸಮಸ್ಯಾಪೂರಣ: ಕೋಮಲೆ ತಿಂದ ಕಬ್ಬುನ

ಪೃಚ್ಛಕ: ಈ ಸಲ ಕಂದಪದ್ಯ, ನಾಲ್ಕು ಪಾದದ ಹಳೆಯ ಛಂದಸ್ಸು. ಒಗಟಿನಂಥ ಕೊನೆಯ ಪಾದ ನನ್ನದು, ಅದಕ್ಕೆ ಅರ್ಥ ಕೂಡಿಸುವ ಉಳಿದ ಮೂರು ನಿಮ್ಮವು:

*ಕಬ್ಬುನಮಂ ತಿಂದು ನಲಿದಳಾ ಕೋಮಲೆ ತಾಂ*

ಆರನೆಯ ಗಣ (ನಾಲ್ಕು ಮಾತ್ರೆಯ ಗುಂಪು) ಜಗಣವೋ (ಲಘು-ಗುರು-ಲಘು) ಸರ್ವಲಘುವೋ (ನಾಲ್ಕೂ ಲಘು) ಆಗಬೇಕೆಂದು ನೆನಪಿಸಬೇಕಿಲ್ಲ ತಾನೆ? ಪ್ರಾಸ ಬ್ಬಕಾರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ ಬ್ಬ. ಕಬ್ಬುನ ಎಂದರೆ ಕಬ್ಬಿಣವೇ: ಕರ್ + ಪೊನ್, ಕರಿಯ ಲೋಹ. ಹೊನ್ನು ಎಂದರೆ ಬಂಗಾರವೊಂದೇ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಕಂದಪ್ರಿಯ: ಸುಲಭದ ದಾರಿ ಹಿಡಿದೆ.

*ಉಬ್ಬಸದಿಂ ಬೆಳ್ಪೇರಿದ*
*ಗಬ್ಬದ ಪೆಣ್ ವೈದ್ಯನಿತ್ತ ತಿಂಗಳ್ ತಿಂಗಳ್*
*ಮಬ್ಬಂ ಕಳೆಯುವ ಗುಳಿಗೆಯ*
*ಕಬ್ಬುನಮಂ ತಿಂದು ನಲಿದಳಾ ಕೋಮಲೆ ತಾಂ*

ನಿದ್ದೆಗೆಟ್ಟವಳು: ಅಣ್ಣಾ, "ಗಬ್ಬ" ಈಗ ದನಕ್ಕೆ ಹೇಳುವ ಮಾತು! ಬಸುರಿಯಾಗಿದ್ದಾಗ ಆ ಕಬ್ಬಿಣದ ಗುಳಿಗೆ ನುಂಗಿದವಳು ನಾನು. ನಲಿದದ್ದು ಆಮೇಲೆ, ಮೊದಲು ಹೊಟ್ಟೆ ಕಟ್ಟಿ, ಮಲ ಕಪ್ಪಾಗಿ ಹೆದರಿದ್ದೆ. ಅದು ಸಹಜ ಅಂತ ಮೊದಲೇ ಯಾರೂ ಹೇಳಿರಲಿಲ್ಲ. ಚಹಾದ ಜೊತೆ ನುಂಗಿದರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಿಂಬೆರಸ ಒಳ್ಳೆಯದು, ಅದರ ಸಿ ಜೀವಸತ್ವ ಕಬ್ಬಿಣವನ್ನು ಒಳಕ್ಕೆ ಎಳೆದುಕೊಳ್ಳಲು ನೆರವಾಗುತ್ತದೆ.

ಕಂದಪ್ರಿಯ: ಗಬ್ಬಕ್ಕೆ ಕ್ಷಮೆ ಇರಲಿ ತಂಗೀ, ಪ್ರಾಸ ಆಡಿಸಿದ ಆಟ. ನನಗೆ ಬೆರಗು ಹುಟ್ಟಿಸಿದ್ದು ಅಳತೆ. ವಯಸ್ಕರ ಮೈಯಲ್ಲಿ ಇರುವ ಕಬ್ಬಿಣವೆಲ್ಲ ಸೇರಿ ಸುಮಾರು 3ರಿಂದ 4 ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಮೂರರಲ್ಲಿ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲೇ. ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣು, ನಾಲ್ಕೂ ಆಮ್ಲಜನಕ ಹೊರುವ ಹಮಾಲರು.

ಪ್ರಾಸಭೀತ: ಕೋಮಲೆ ಹೆಂಗಸೇ ಆಗಬೇಕೆ? ನನ್ನ ಕೋಮಲೆ ನೀರು.

*ತಬ್ಬುತೆ ಗಾಳಿಯ ಕೆಳೆಯಿಂ*
*ಹಬ್ಬಿಸಿ ಕೆಂದೂಳನೆಲ್ಲ ಮೆಯ್ಯೊಳ್ ನೀರ್ವೆಣ್*
*ಹೆಬ್ಬಾಗಿಲ ಸರಳೊಳಗಿನ*
*ಕಬ್ಬುನಮಂ ತಿಂದು ನಲಿದಳಾ ಕೋಮಲೆ ತಾಂ*

ಪೃಚ್ಛಕ: ಭಲೆ! "ಗಾಳಿಯ ಕೆಳೆ" (ಗೆಳೆತನ) ಇಲ್ಲದಿದ್ದರೆ ಪದ್ಯ ಸುಳ್ಳಾಗುತ್ತಿತ್ತು. ನೀರೊಂದೇ ಇದ್ದರೆ ತುಕ್ಕು ಹಿಡಿಯದು, ಆಮ್ಲಜನಕವೂ ಬೇಕು. "ತಿಂದು" ಎಂಬ ಮಾತಿಗೂ ಇಲ್ಲಿ ಪೂರ್ತಿ ನ್ಯಾಯ ಸಿಕ್ಕಿದೆ. ಅಲ್ಯೂಮಿನಿಯಂ ಮೇಲಿನ ಪದರ ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ಉಬ್ಬಿ ಉದುರಿ, ಮತ್ತೆ ಒಳಕ್ಕೆ ಬಾಯಿ ಹಾಕುತ್ತದೆ. ಈವರೆಗೆ ನನ್ನ ಮತ ಇದಕ್ಕೇ.

ನಿದ್ದೆಗೆಟ್ಟವಳು: ಕಬ್ಬಿಣದ ಕಡಲೆಯನ್ನು ಎಲ್ಲರೂ ಮರೆತಿರಾ?

*ಕಬ್ಬದ ಕಟ್ಟಳೆಗಡಲೆಯ*
*ತಬ್ಬಿಬ್ಬಿಲ್ಲದೆಯೆ ಜಗಿದು ಪಲ್ಲಿಂ ನುಡಿವೆಣ್*
*ಹಬ್ಬದವೋಲ್ ಬಗೆದೊಲವಿಂ*
*ಕಬ್ಬುನಮಂ ತಿಂದು ನಲಿದಳಾ ಕೋಮಲೆ ತಾಂ*

ಪ್ರಾಸಭೀತ: ಕಬ್ಬದಲ್ಲಿ (ಕಾವ್ಯದಲ್ಲಿ) ಶುರು, ಕಬ್ಬುನದಲ್ಲಿ ಕೊನೆ! "ಪಲ್ಲಿಂ" ಮಾತ್ರ ಗಣ ತುಂಬಲು ಬಂದಂತಿದೆ. ಜಗಿಯುವುದು ಮತ್ತೆ ಯಾವುದರಿಂದ?

ನಿದ್ದೆಗೆಟ್ಟವಳು: ಒಪ್ಪಿದೆ. ರಾತ್ರಿ ಎರಡು ಗಂಟೆಗೆ ಹಲ್ಲು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಕಂದಪ್ರಿಯ: ನಕ್ಷತ್ರವನ್ನು ತರೋಣ ಎಂದು ಹೊರಟು ಸಿಕ್ಕಿಬಿದ್ದಿದ್ದೇನೆ. ಸೂರ್ಯನ ಎಂಟು ಪಟ್ಟಿಗೂ ಮೀರಿದ ತೂಕದ ತಾರೆ ಹಗುರ ಧಾತುಗಳನ್ನು ಬೆಸೆಯುತ್ತ ಬೆಸೆಯುತ್ತ ಕೊನೆಗೆ ಕಬ್ಬಿಣಕ್ಕೆ ಬರುತ್ತದೆ. ಅದನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಒಲೆ ಆರಿದಂತೆ. ತಿರುಳು ಒಂದು ಸೆಕೆಂಡಿನೊಳಗೇ ಕುಸಿಯುತ್ತದೆ. ಸಾಯುವವಳು "ನಲಿದಳ್" ಎಂದು ಹೇಗೆ ಬರೆಯಲಿ?

ಪ್ರಾಸಭೀತ: ಸಮಸ್ಯೆಯನ್ನೇ ಬೇರೆಯವರ ಬಾಯಿಗೆ ಹಾಕಿ ದಬಾಯಿಸಿಬಿಡಿ:

*ಉಬ್ಬಿದ ತಾರೆಯ ಬಸಿರೊಳ್*
*ಕಬ್ಬುನಮೇ ತುಂಬೆ ಕುಸಿದು ಸಿಡಿದಳ್ ಕಾಣಾ*
*ಅಬ್ಬಾ! ಎಂತೆಂಬಿರಿ ನೀಂ*
*"ಕಬ್ಬುನಮಂ ತಿಂದು ನಲಿದಳಾ ಕೋಮಲೆ ತಾಂ"?*

ಪೃಚ್ಛಕ: ನನ್ನ ಮತ ಹಿಂದಕ್ಕೆ ತೆಗೆದುಕೊಂಡೆ.