ಕೆಳಗಿನ ಸಾಲಿನ ಬಾವಿ: ಪೌಡರ್ ಹಾಕುವ ಮೊದಲು ಇದನ್ನು ಓದಿ

ಬೋಪಣ್ಣ: ಕೆಳಸಾಲಿನ ನಾಲ್ಕು ಮನೆಗಳಲ್ಲಿ ಜ್ವರ, ಹೊಟ್ಟೆನುಲಿತ, ರಕ್ತ–ಲೋಳೆ ಸೇರಿದ ಭೇದಿ. ನಾಲ್ಕಕ್ಕೂ ಒಂದೇ ಬಾವಿ. ನಾಳೆ ಬೆಳಿಗ್ಗೆಯೇ ಬ್ಲೀಚಿಂಗ್ ಪೌಡರ್ ಹಾಕಿಬಿಡೋಣವಾ?

ಶಾಂತಕ್ಕ (ಲ್ಯಾಬ್): ಬೇಡ ಬೋಪಣ್ಣ, ಮೊದಲು ಸ್ಯಾಂಪಲ್. ಕ್ಲೋರಿನ್ ಬಿದ್ದ ಮೇಲೆ ನೀರು ಕಳಿಸಿದರೆ ಬಾವಿ ಚೆನ್ನಾಗಿದೆ ಅಂತಲೇ ವರದಿ ಬರುತ್ತೆ. ಬಿಸ್ಲೇರಿ ಬಾಟಲಿ ನಡೆಯಲ್ಲ, ಲ್ಯಾಬಿನ ಸ್ಟೆರೈಲ್ ಬಾಟಲಿಯೇ ಬೇಕು. ಮಲದ ಸ್ಯಾಂಪಲ್ ಕೂಡ ಆಂಟಿಬಯೋಟಿಕ್ ಶುರು ಮಾಡುವ ಮೊದಲು. ಲಕ್ಷಣ ಶಿಗೆಲ್ಲಾದ (ರಕ್ತಭೇದಿ ತರುವ ಬ್ಯಾಕ್ಟೀರಿಯಾ) ಹಾಗಿದೆ. ಅದು ದೇಹದ ಹೊರಗೆ ಬೇಗ ಸಾಯುತ್ತೆ, ಮಲದ ಸ್ಯಾಂಪಲ್ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಈ ಮಳೆಯಲ್ಲಿ ಮಡಿಕೇರಿಗೆ ಅಷ್ಟರಲ್ಲಿ ತಲುಪೋದು ಅನುಮಾನ, ಸ್ಯಾಂಪಲ್ಲಿನ ಬ್ಯಾಕ್ಟೀರಿಯಾ ಸಾಯದ ಹಾಗೆ ಕಾಯುವ ಕ್ಯಾರಿ-ಬ್ಲೇರ್ ಟ್ಯೂಬ್ ಇವತ್ತೇ ತರಿಸಿ.

ಹಮೀದ್: ಪೌಡರ್ ಎಷ್ಟು ಬೇಕು? ಪಂಪ್‌ಹೌಸಿನಲ್ಲಿ ಹೋದ ವರ್ಷದ ಚೀಲ ಇದೆ.

ನಾಣಯ್ಯ (ನೀರು ಸರಬರಾಜು, ನಿವೃತ್ತ): ಆ ಚೀಲ ಬಿಡಿ. ನಮ್ಮ ಜೂನ್–ಜುಲೈ ತೇವಕ್ಕೆ ಕ್ಲೋರಿನ್ ಹಾರಿ ಬರೀ ಸುಣ್ಣ ಉಳಿದಿರುತ್ತೆ. ಬಾವಿ ಅಡ್ಡಳತೆ 3 ಮೀಟರ್, ನೀರು 4 ಮೀಟರ್ ಅಂದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಹೊಸ ಪೌಡರ್. ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಪೇಸ್ಟ್ ಮಾಡಿ, ಮುಕ್ಕಾಲು ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗಿಳಿಸಿ, ನೀರೊಳಗೆ ಮೇಲೆ-ಕೆಳಗೆ ಆಡಿಸಿ. ಗಷ್ಟು ಹೊರಗೆ, ಇಲ್ಲದಿದ್ದರೆ ನೀರು ಗಡಸಾಗುತ್ತೆ. ಒಂದು ಗಂಟೆ ಬಿಟ್ಟು ಕ್ಲೋರೋಸ್ಕೋಪಿನಲ್ಲಿ (ಕ್ಲೋರಿನ್ ಅಳೆಯುವ ಕಿಟ್) ನೋಡಿ, ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ಕೆಂಪಾಗಿದ್ದರೆ ಮಣ್ಣೇ ಕ್ಲೋರಿನ್ ತಿಂದುಬಿಡುತ್ತೆ, ಆಗ ಇನ್ನಷ್ಟು ಬೇಕು.

ಪೂವಮ್ಮ: ಭೇದಿ ನಿಲ್ಲೋ ಮಾತ್ರೆ ಕೊಡಬಹುದಾ?

ಡಾ. ರಶ್ಮಿ: ರಕ್ತಭೇದಿಗೆ ಲೋಪರಮೈಡ್ ಬೇಡವೇ ಬೇಡ ಅಕ್ಕ, ಸೋಂಕು ಕರುಳಲ್ಲೇ ಕೂರುತ್ತೆ. ಅಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್ ಆಂಟಿಬಯೋಟಿಕ್ ಕೂಡ ತರಬೇಡಿ, ಶಿಗೆಲ್ಲಾ ಎಷ್ಟೋ ಕಡೆ ಅದಕ್ಕೆ ಬಗ್ಗುತ್ತಿಲ್ಲ. ದೊಡ್ಡ ಓಆರ್‌ಎಸ್ ಪ್ಯಾಕೆಟ್ ಒಂದನ್ನು ಪೂರ್ತಿ ಒಂದು ಲೀಟರಿಗೇ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತೆ. ಆರು ತಿಂಗಳು ದಾಟಿದ ಮಕ್ಕಳಿಗೆ ಜಿಂಕ್ 20 ಮಿ.ಗ್ರಾಂ, 14 ದಿನ. ಮೂತ್ರ ಕಡಿಮೆಯಾದರೆ, ಮುಖ ಬಿಳಿಚಿದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ. ಭೇದಿ ನಿಂತು ಕೆಲವು ವಾರ ಕಳೆದ ಮೇಲೆ ಕೀಲು ಊದುವುದೂ ಉಂಟು.

ಹಮೀದ್: ಹಾಗಾದರೆ ಬಾವಿಯದ್ದೇ ತಪ್ಪು.

ಡಾ. ರಶ್ಮಿ: ಬಾವಿ ಒಂದನ್ನೇ ದೂರಬೇಡಿ. ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಸಾಕು, ಕೈಯಿಂದ ಕೈಗೇ ಹರಡುತ್ತೆ. ಕಾಯಿಲೆಯವರು ಬೇರೆಯವರಿಗೆ ಅಡುಗೆ ಮಾಡಬಾರದು. ಭೇದಿ ನಿಂತು 48 ಗಂಟೆ ಕಳೆಯುವವರೆಗೆ ಮಕ್ಕಳು ಶಾಲೆಗೆ ಬೇಡ.

ಬೋಪಣ್ಣ: ಸರಿ. ನೀರಿನ ಬಾಟಲಿ, ಟ್ಯೂಬ್ ನಾನು ತರ್ತೇನೆ. ಹಮೀದ್, ಹೊಸ ಪೌಡರ್ ನಿಮ್ಮದು. ವರದಿ ಬರುವವರೆಗೆ ಎಲ್ಲರೂ ನೀರು ಕುದಿಸಿ ಕುಡಿಯಿರಿ.

ನಾಣಯ್ಯ: ಒಂದು ಟೇಪನ್ನೂ ತನ್ನಿ ಮಾರಾಯ್ರೆ. ಶೌಚಾಲಯದ ಇಂಗುಗುಂಡಿ ಬಾವಿಯಿಂದ 15 ಮೀಟರ್ ಆದರೂ ದೂರ ಇರಬೇಕು. ಮೇಲಿನ ಮನೆಯದ್ದು ಅಷ್ಟಿಲ್ಲ ಅಂತ ಕಾಣುತ್ತೆ, ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಎರಡೂ ಒಂದಾಗುತ್ತವೆ. ಅದು ಸರಿಯಾಗದೆ ವಾರಾವಾರ ಪೌಡರ್ ಹಾಕ್ತಾನೇ ಇರಬೇಕಾಗುತ್ತೆ.